ಕಾಮನ್ ಮಾರ್ಮನ್‌ನ ಹೆಣ್ಣಿಗೆ ಮೂರು ವೇಷ: ಒಂದು ಪ್ರಕರಣ ಅಧ್ಯಯನ

ಕರಿಬೇವು, ನಿಂಬೆ, ಬಿಲ್ವದಂಥ ಗಿಡಗಳ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯಲ್ಲಿ ಗಂಡು ಒಂದೇ ಥರ. ಕಪ್ಪು ರೆಕ್ಕೆ, ಹಿಂರೆಕ್ಕೆಗೆ ಅಡ್ಡವಾಗಿ ಬಿಳಿ ಚುಕ್ಕೆಗಳ ಒಂದು ಸಾಲು, ತುದಿಯಲ್ಲಿ ಪುಟ್ಟ ಬಾಲ. ಹೆಣ್ಣು ಮಾತ್ರ ಮೂರು ಥರ. ಒಂದು ಬಗೆಯದು ಗಂಡಿನ ಪಡಿಯಚ್ಚು; ಇದನ್ನು ಸೈರಸ್ ರೂಪ ಎನ್ನುತ್ತಾರೆ. ಇನ್ನೊಂದು ಬಗೆಯದರ ಹಿಂರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆಗಳು. ಥೇಟ್ ಕಾಮನ್ ರೋಸ್ ಚಿಟ್ಟೆಯಂತೆ. ಮೂರನೆಯದು ರೋಮ್ಯುಲಸ್, ಮುಂರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂರೆಕ್ಕೆಯಲ್ಲಿ ಕಡುಗೆಂಪು ಚುಕ್ಕೆ ಹೊತ್ತು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತದೆ. ಕ್ರಿಮ್ಸನ್ ರೋಸ್ ಇರುವ ಭಾರತ ಮತ್ತು ಶ್ರೀಲಂಕಾದ ಕಡೆ ಮೂರೂ ರೂಪಗಳು ಸಿಗುತ್ತವೆ. ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಆ ಚಿಟ್ಟೆ ಇಲ್ಲ, ಅಲ್ಲಿ ರೋಮ್ಯುಲಸ್ ರೂಪವೂ ಇಲ್ಲ. ಈ ಒಂದು ಸಂಗತಿಯೇ ಅರ್ಧ ಕಥೆ ಹೇಳಿಬಿಡುತ್ತದೆ.

ರೋಸ್ ಚಿಟ್ಟೆಗಳೆರಡೂ ಮರಿಹುಳುಗಳಾಗಿದ್ದಾಗ ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳನ್ನು ತಿನ್ನುತ್ತವೆ. ಆ ಬಳ್ಳಿಯ ವಿಷ ಮೈಯಲ್ಲಿ ಉಳಿದು, ದೊಡ್ಡದಾದ ಮೇಲೂ ಹಕ್ಕಿಗಳಿಗೆ ಬೇಡವಾದ ತುತ್ತಾಗುತ್ತವೆ. ಮಾರ್ಮನ್‌ಗೆ ಅಂಥ ವಿಷವಿಲ್ಲ. ವಿಷವಿರುವವರ ವೇಷ ತೊಟ್ಟರೆ ಹಕ್ಕಿ ಮೋಸಹೋಗುತ್ತದೆ. ಈ ತಂತ್ರವನ್ನು ಅಮೆಜಾನ್ ಚಿಟ್ಟೆಗಳಲ್ಲಿ ಗುರುತಿಸಿ 1862ರಲ್ಲಿ ವಿವರಿಸಿದವರು ಹೆನ್ರಿ ವಾಲ್ಟರ್ ಬೇಟ್ಸ್. ಅದಕ್ಕೇ ಇದಕ್ಕೆ ಬೇಟ್ಸಿಯನ್ ಅನುಕರಣೆ ಎಂಬ ಹೆಸರು. ನಾನು ಇಲ್ಲಿ ಅದನ್ನು ಸೋಗು ಎಂದೇ ಕರೆಯುತ್ತೇನೆ. ಹಾರುವಾಗ ಈ ಸೋಗನ್ನು ಕಂಡುಹಿಡಿಯುವ ಒಂದು ಗುಟ್ಟಿದೆ: ರೆಕ್ಕೆ ಬಿಟ್ಟು ಮೈ ನೋಡಿ. ರೋಸ್ ಚಿಟ್ಟೆಗಳ ಮೈ ಕೆಂಪು. ಮಾರ್ಮನ್ ಎಷ್ಟೇ ವೇಷ ಕಟ್ಟಿದರೂ ಮೈ ಕಪ್ಪಾಗಿಯೇ ಉಳಿದಿರುತ್ತದೆ.

ಈ ಪ್ರಕರಣದ ಪ್ರಶ್ನೆ ಮೇಲ್ನೋಟಕ್ಕೆ ಸರಳ. ಮಚ್ಚೆಯ ಆಕಾರ, ಚುಕ್ಕೆಯ ಬಣ್ಣ, ಪಟ್ಟೆಯ ಜಾಗ ಇವೆಲ್ಲ ಒಟ್ಟಿಗೆ ಬದಲಾದರೆ ಮಾತ್ರ ಸೋಗು ಫಲಿಸುತ್ತದೆ. ಅರ್ಧಂಬರ್ಧ ವೇಷಕ್ಕೆ ಎರಡೂ ಕಡೆಯಿಂದ ನಷ್ಟ. ಹಾಗಿದ್ದೂ ಒಂದೇ ತಾಯಿಯ ಮೊಟ್ಟೆಗಳಿಂದ ಎರಡು ಮೂರು ಬಗೆಯ ಹೆಣ್ಣುಮಕ್ಕಳು ಹುಟ್ಟುತ್ತಾರೆ, ನಡುವಿನ ಕಲಬೆರಕೆ ಹುಟ್ಟುವುದಿಲ್ಲ. ಗಂಡುಮಕ್ಕಳ ರೆಕ್ಕೆಗೆ ಇದರ ಸುಳಿವೂ ಇರುವುದಿಲ್ಲ. ಇದೆಲ್ಲ ಹೇಗೆ?

ಸಿಲೋನಿನ ಸಂಸಾರಗಳು

ಮೊದಲು ಈ ರೂಪಗಳಿಗೆ ಬೇರೆ ಬೇರೆ ಪ್ರಭೇದಗಳೆಂದು ಹೆಸರಿಟ್ಟಿದ್ದರು. ಅವೆಲ್ಲ ಒಂದೇ ಮನೆಯವು ಎಂದು 1865ರ ಹೊತ್ತಿಗೆ ಸ್ಪಷ್ಟವಾಗಿ ಬರೆದವರು ಆಲ್ಫ್ರೆಡ್ ರಸೆಲ್ ವಾಲೇಸ್. ಒಬ್ಬ ಗಂಡಿಗೆ ಹಲವು ಹೆಂಡಿರು ಎಂಬ ಅರ್ಥದಲ್ಲಿ, ಒಂದು ಕಾಲಕ್ಕೆ ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಕ್ರೈಸ್ತ ಪಂಥದಿಂದ, ಮಾರ್ಮನ್ ಎಂಬ ಹೆಸರು ಅಂಟಿಕೊಂಡದ್ದೂ ಈ ಹಲವು ರೂಪಗಳಿಂದಲೇ.

ಆದರೆ ಲೆಕ್ಕ ಇಟ್ಟು, ಜೋಡಿ ಕಟ್ಟಿಸಿ, ವಂಶಾವಳಿ ಬರೆದ ಕೆಲಸ ನಡೆದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಆಗಿನ ಸಿಲೋನಿನಲ್ಲಿ. ಕೀಟಶಾಸ್ತ್ರಜ್ಞ ಜೆ. ಸಿ. ಎಫ್. ಫ್ರೈಯರ್ ಮಾರ್ಮನ್ ಚಿಟ್ಟೆಗಳನ್ನು ತಲೆಮಾರುಗಟ್ಟಲೆ ಸಾಕಿ, ಯಾವ ತಾಯಿಗೆ ಯಾವ ಬಗೆಯ ಹೆಣ್ಣುಮಕ್ಕಳು ಎಷ್ಟು ಎಂದು ಎಣಿಸಿದರು. ಸಾಕಣೆಯ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗೆ ಪ್ರತಿ ಹುಳುವಿಗೂ ದಿನಾ ಹೊಸ ಎಲೆ ಹಾಕಬೇಕು, ರೋಗ ಮತ್ತು ಪರಾವಲಂಬಿ ಕಣಜಗಳಿಂದ ಕಾಯಬೇಕು, ಒಂದು ಸಂಸಾರದ ಹುಳು ಇನ್ನೊಂದರ ಜೊತೆ ಬೆರೆಯದಂತೆ ನೋಡಿಕೊಳ್ಳಬೇಕು.

ಆ ಎಣಿಕೆಯಿಂದ ಬಂದ ಫಲ ಮೆಂಡೆಲನ ಬಟಾಣಿಯಷ್ಟೇ ಅಚ್ಚುಕಟ್ಟು. ಸೋಗು ಪ್ರಬಲ ಗುಣ. ಗಂಡಿನಂತಿರುವ ಸಾದಾ ರೂಪ ದುರ್ಬಲ ಗುಣ. ಪ್ರತಿ ಜೀನ್‌ಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡು ಪ್ರತಿ; ಅವುಗಳಲ್ಲಿ ಸೋಗಿನ ಪ್ರತಿ ಒಂದಿದ್ದರೂ ಸಾಕು, ಹೆಣ್ಣು ಸೋಗು ಹಾಕುತ್ತಾಳೆ. ಸಾದಾ ಆಗಬೇಕಾದರೆ ಅಪ್ಪನಿಂದಲೂ ಅಮ್ಮನಿಂದಲೂ ಸಾದಾ ಪ್ರತಿಯೇ ಬಂದಿರಬೇಕು. ಗಂಡುಗಳು ಕೂಡ ಸೋಗಿನ ಪ್ರತಿಯನ್ನು ಹೊತ್ತಿರುತ್ತವೆ, ಆದರೆ ತೋರಿಸುವುದಿಲ್ಲ. ಹಾಗಾಗಿ ಸಾದಾ ತಾಯಿಯೊಬ್ಬಳ ಹೆಣ್ಣುಮಕ್ಕಳೆಲ್ಲ ಸೋಗಿನವರಾಗಿ ಹುಟ್ಟಿದರೆ ಆಶ್ಚರ್ಯಪಡಬೇಕಿಲ್ಲ: ಅದು ಅಪ್ಪನ ಕಡೆಯಿಂದ ಬಂದ ಆಸ್ತಿ.

ಗಂಡಿನ ಈ ಮೌನ ಫ್ರೈಯರ್‌ನ ದಾಖಲೆಯಲ್ಲಿ ಒಂದು ಸಾಲಿನ ಸಂಗತಿ. ಈಗ ಹಿಂದಿರುಗಿ ನೋಡಿದರೆ ಇಡೀ ಪ್ರಕರಣದ ಕೀಲಿಕೈ ಅಲ್ಲೇ ಬಿದ್ದಿತ್ತು ಎಂದು ನನಗನ್ನಿಸುತ್ತದೆ. ಅದನ್ನು ಎತ್ತಿಕೊಳ್ಳಲು ನೂರು ವರ್ಷ ಹಿಡಿಯಿತು.

ಏಕಾಏಕಿಯೋ, ಮೆಲ್ಲಮೆಲ್ಲನೆಯೋ

ಫ್ರೈಯರ್‌ನ ಅಂಕಿಗಳನ್ನು ಇಟ್ಟುಕೊಂಡು ಇಬ್ಬರು ದೊಡ್ಡ ತಳಿವಿಜ್ಞಾನಿಗಳು ತದ್ವಿರುದ್ಧ ತೀರ್ಮಾನಕ್ಕೆ ಬಂದರು. ಕೇಂಬ್ರಿಜ್‌ನ ಆರ್. ಸಿ. ಪನೆಟ್ 1915ರಲ್ಲಿ ಹೇಳಿದ್ದಿಷ್ಟು: ನಡುವಿನ ರೂಪಗಳೇ ಇಲ್ಲ, ಒಂದೇ ಅಂಶ ಇಡೀ ವೇಷವನ್ನು ಬದಲಿಸುತ್ತಿದೆ, ಅಂದಮೇಲೆ ಈ ಸೋಗು ಹುಟ್ಟಿದ್ದೂ ಒಂದೇ ನೆಗೆತದಲ್ಲಿ, ನಿಸರ್ಗದ ಆಯ್ಕೆ ಅದನ್ನು ತಿದ್ದಿ ತೀಡಿ ಮಾಡಿದ್ದಲ್ಲ. ಆರ್. ಎ. ಫಿಶರ್ ಇದನ್ನು ಒಪ್ಪಲಿಲ್ಲ. ಇವತ್ತು ಒಂದು ಅಂಶ ಗುಂಡಿಯಂತೆ ಕೆಲಸ ಮಾಡುತ್ತಿದೆ ಎಂದ ಮಾತ್ರಕ್ಕೆ ಆ ಗುಂಡಿ ಒತ್ತಿದಾಗ ಬರುವ ಚಿತ್ರವೂ ಒಂದೇ ದಿನ ಬರೆಯಲ್ಪಟ್ಟಿತು ಎಂದಾಗುವುದಿಲ್ಲ. ಚಿತ್ರವನ್ನು ತಿದ್ದುವ ಬೇರೆ ಜೀನ್‌ಗಳು ಕಾಲಕ್ರಮದಲ್ಲಿ ಸೇರಿಕೊಂಡಿರಬಹುದು ಎಂಬುದು ಅವರ ವಾದ.

1972ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿಗಳಾದ ಸಿರಿಲ್ ಕ್ಲಾರ್ಕ್ ಮತ್ತು ಫಿಲಿಪ್ ಶೆಪರ್ಡ್ ಮಾರ್ಮನ್ ಮೇಲೆ ತಮ್ಮ ದೊಡ್ಡ ಅಧ್ಯಯನ ಪ್ರಕಟಿಸಿದಾಗ ಮೂರನೆಯ ಕಲ್ಪನೆಯೊಂದು ಗಟ್ಟಿಯಾಗಿ ನೆಲೆಗೊಂಡಿತ್ತು: ಸೂಪರ್‌ಜೀನ್. ಅಂದರೆ ಬಣ್ಣಕ್ಕೊಂದು, ಮಚ್ಚೆಗೊಂದು, ಆಕಾರಕ್ಕೊಂದು ಎಂದು ಹಲವು ಜೀನ್‌ಗಳು ವರ್ಣತಂತುವಿನ ಮೇಲೆ ಪಕ್ಕಪಕ್ಕದಲ್ಲೇ ಕೂತು, ಬಿಡಿಬಿಡಿಯಾಗದೆ ಒಂದೇ ಗಂಟಾಗಿ ಮಕ್ಕಳಿಗೆ ಹೋಗುತ್ತವೆ. ಆ ಗಂಟು ಬಿಚ್ಚಿಕೊಳ್ಳದಿರುವುದರಿಂದಲೇ ಅರೆಬರೆ ವೇಷದ ಮಕ್ಕಳು ಹುಟ್ಟುವುದಿಲ್ಲ. ಕಲ್ಪನೆ ಸೊಗಸಾಗಿತ್ತು. ಎಷ್ಟು ಸೊಗಸಾಗಿತ್ತೆಂದರೆ, ಮುಂದಿನ ನಾಲ್ಕು ದಶಕ ಪಠ್ಯಪುಸ್ತಕಗಳಲ್ಲಿ ಅದು ಹೆಚ್ಚುಕಡಿಮೆ ಸಾಬೀತಾದ ಸಂಗತಿಯಂತೆಯೇ ಉಳಿಯಿತು, ಗಂಟಿನೊಳಗೆ ಯಾವ ಜೀನ್‌ಗಳಿವೆ ಎಂದು ಯಾರೂ ಇನ್ನೂ ನೋಡಿರದಿದ್ದರೂ.

25ನೇ ವರ್ಣತಂತುವಿನ ತಿರುಗಿದ ತುಂಡು

2014ರಲ್ಲಿ ಗಂಟು ಬಿಚ್ಚಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಕೃಷ್ಣಮೇಘ್ ಕುಂಟೆ, ಶಿಕಾಗೊ ವಿಶ್ವವಿದ್ಯಾಲಯದ ಮಾರ್ಕಸ್ ಕ್ರಾನ್‌ಫರ್ಸ್ಟ್ ಮತ್ತು ಸಂಗಡಿಗರು ಫ್ರೈಯರ್ ಮಾಡಿದ್ದನ್ನೇ ಹೊಸ ಕಾಲದ ಸಲಕರಣೆಗಳಿಂದ ಮಾಡಿದರು. ಸೋಗಿನ ಮತ್ತು ಸಾದಾ ಚಿಟ್ಟೆಗಳನ್ನು ಕೂಡಿಸಿ, ಮಕ್ಕಳ ಡಿಎನ್‌ಎ ಓದಿ, ಸೋಗಿನ ಜೊತೆಯಲ್ಲೇ ಸಾಗುವ ತುಂಡು ಯಾವುದೆಂದು ಜಾಗವನ್ನು ಕಿರಿದುಗೊಳಿಸುತ್ತ ಹೋದರು. ಕೊನೆಗೆ ಉಳಿದದ್ದು ಬೆರಳೆಣಿಕೆಯ ಜೀನ್‌ಗಳು. ಸಂಬಂಧವಿಲ್ಲದ ಅನೇಕ ಚಿಟ್ಟೆಗಳನ್ನು ಹೋಲಿಸಿ ನೋಡಿದಾಗ ಬೆರಳು ಒಂದೇ ಜೀನ್‌ನತ್ತ ತೋರಿತು. ಅದರ ಹೆಸರು ಡಬಲ್‌ಸೆಕ್ಸ್.

ಈ ಹೆಸರು ಕೇಳಿ ಕೀಟಶಾಸ್ತ್ರಜ್ಞರು ಹುಬ್ಬೇರಿಸಿದ್ದು ಸಹಜ. ಡಬಲ್‌ಸೆಕ್ಸ್ ಬಣ್ಣದ ಜೀನ್ ಅಲ್ಲ. ಹಣ್ಣಿನ ನೊಣದಿಂದ ಹಿಡಿದು ಕೀಟಲೋಕದ ಉದ್ದಗಲಕ್ಕೂ ಗಂಡಿನ ಮೈ ಗಂಡಾಗಿ, ಹೆಣ್ಣಿನ ಮೈ ಹೆಣ್ಣಾಗಿ ಬೆಳೆಯುವುದನ್ನು ನಿರ್ದೇಶಿಸುವ ಜೀನ್ ಅದು. ಅದು ಕೆಲಸ ಮಾಡುವ ಬಗೆಯೂ ವಿಶೇಷ. ಒಂದೇ ಬಟ್ಟೆಯನ್ನು ಎರಡು ಅಳತೆಗೆ ಕತ್ತರಿಸಿ ಹೊಲಿದಂತೆ, ಆ ಜೀನ್‌ನಿಂದ ಬರುವ ಆರ್‌ಎನ್‌ಎ ಗಂಡಿನಲ್ಲಿ ಒಂದು ಥರ, ಹೆಣ್ಣಿನಲ್ಲಿ ಇನ್ನೊಂದು ಥರ ಕತ್ತರಿಸಿ ಜೋಡಿಸಲ್ಪಡುತ್ತದೆ. ಎರಡು ಪ್ರೋಟೀನ್‌ಗಳ ಬಾಲ ಬೇರೆ, ಆದ್ದರಿಂದ ಅವು ಕೊಡುವ ಆಜ್ಞೆಯೂ ಬೇರೆ. ಮಾರ್ಮನ್‌ನ ಹೆಣ್ಣಿನಲ್ಲಿ ಇಂಥ ಮೂರು ಜೋಡಣೆಗಳಿವೆ, ಗಂಡಿನಲ್ಲಿ ಒಂದು.

ಫ್ರೈಯರ್‌ನ ಆ ಒಂದು ಸಾಲಿಗೆ ಇಲ್ಲಿ ಅರ್ಥ ಸಿಗುತ್ತದೆ. ಗಂಡು ಸೋಗಿನ ಪ್ರತಿಯನ್ನು ಹೊತ್ತರೂ ತೋರಿಸದಿರುವುದಕ್ಕೆ ಬೇರೊಂದು ಬೀಗ ಬೇಕಾಗಿಯೇ ಇರಲಿಲ್ಲ. ಗಂಡು ಯಾವುದು, ಹೆಣ್ಣು ಯಾವುದು ಎಂದು ಮೊದಲೇ ಬಲ್ಲ ಜೀನ್ ಒಂದಿತ್ತು, ವಿಕಾಸ ಅದಕ್ಕೇ ಹೊಸ ಕೆಲಸ ಹಚ್ಚಿತು. ನನಗೆ ಈ ಪ್ರಕರಣದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಇದೇ. ಹೊಸ ಯಂತ್ರ ಕಟ್ಟಲಿಲ್ಲ, ಹಳೆಯ ಯಂತ್ರಕ್ಕೆ ಹೊಸ ಪಟ್ಟಿ ಬಿಗಿಯಿತು.

ಮರುವರ್ಷ, 2015ರಲ್ಲಿ, ಟೋಕಿಯೊ ವಿಶ್ವವಿದ್ಯಾಲಯದ ಹರುಹಿಕೊ ಫುಜಿವಾರ ಅವರ ತಂಡ ಮಾರ್ಮನ್‌ನ ಪೂರ್ಣ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಪ್ರಕಟಿಸಿತು. ಸೋಗಿನ ಪ್ರತಿಯಲ್ಲಿ 25ನೇ ವರ್ಣತಂತುವಿನ ಸುಮಾರು 1,30,000 ಡಿಎನ್‌ಎ ಅಕ್ಷರಗಳ ತುಂಡೊಂದು ತಿರುಗುಮುರುಗಾಗಿ ಕೂತಿದೆ ಎಂದು ಅವರು ತೋರಿಸಿದರು. ಮಣಿಸರದ ನಡುವಿನ ಒಂದಷ್ಟು ಮಣಿಗಳನ್ನು ಬಿಚ್ಚಿ, ಹಿಂದುಮುಂದಾಗಿ ಮತ್ತೆ ಪೋಣಿಸಿದ ಹಾಗೆ. ಇಂಥ ತಿರುಗಿದ ತುಂಡು ನೇರವಾದ ತುಂಡಿನೊಂದಿಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ, ಹಾಗಾಗಿ ಮೊಟ್ಟೆ ಅಥವಾ ವೀರ್ಯ ತಯಾರಾಗುವಾಗ ಎರಡರ ನಡುವೆ ಅದಲುಬದಲು ನಡೆಯುವುದಿಲ್ಲ. ಎರಡೂ ಪ್ರತಿಗಳು ಬಹುಕಾಲದಿಂದ ತಮ್ಮ ತಮ್ಮ ದಾರಿ ಹಿಡಿದು, ಈಗ ಅಕ್ಷರಕ್ಷರದಲ್ಲೂ ಬೇರೆಯಾಗಿವೆ. ಆ ತುಂಡಿನೊಳಗೆ ಇರುವುದು ಮೂರು ಜೀನ್: ಡಬಲ್‌ಸೆಕ್ಸ್, ಯುಎಕ್ಸ್‌ಟಿ, ಮತ್ತು ಪ್ರೋಟೀನ್ ತಯಾರಿಸದ ಯು3ಎಕ್ಸ್.

ಒಂದೇ ಚಿಟ್ಟೆ, ಎರಡು ರೆಕ್ಕೆ

ಜಾಗ ತೋರಿಸುವುದು ಬೇರೆ, ಕೆಲಸ ತೋರಿಸುವುದು ಬೇರೆ. ಟೋಕಿಯೊ ತಂಡ ಮಾಡಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಚಿಟ್ಟೆಯ ರೆಕ್ಕೆಯ ಬಣ್ಣವೆಲ್ಲ ಹೆಂಚಿನಂತೆ ಸಾಲಾಗಿ ಹೊದೆಸಿದ ಹುರುಪೆಗಳದ್ದು. ಕೈಗೆ ಅಂಟುವ ಪುಡಿ ಅದೇ. ಒಂದೊಂದು ಹುರುಪೆಯೂ ಒಂದೊಂದು ಜೀವಕೋಶದಿಂದ ಬೆಳೆದದ್ದು, ಸಾಮಾನ್ಯವಾಗಿ ಒಂದು ಹುರುಪೆಗೆ ಒಂದೇ ಬಣ್ಣ. ಯಾವ ಜೀವಕೋಶ ಯಾವ ಬಣ್ಣದ ಹುರುಪೆ ಆಗಬೇಕೆಂಬುದು ಕೋಶಾವಸ್ಥೆಯಲ್ಲಿ, ರೆಕ್ಕೆ ಇನ್ನೂ ತೆಳ್ಳನೆಯ ಪೊರೆಯಂತೆ ಮಡಿಸಿಕೊಂಡಿರುವಾಗ ನಿಶ್ಚಯವಾಗುತ್ತದೆ. ಹುಳು ಕೋಶ ಕಟ್ಟಿದ ಸ್ವಲ್ಪ ಹೊತ್ತಿನಲ್ಲೇ ಒಂದು ಬದಿಯ ಹಿಂರೆಕ್ಕೆಗೆ, ಡಬಲ್‌ಸೆಕ್ಸ್‌ನ ಸೋಗಿನ ಪ್ರತಿಯನ್ನು ಮಾತ್ರ ಮೌನವಾಗಿಸುವ ಚಿಕ್ಕ ಆರ್‌ಎನ್‌ಎ ತುಣುಕುಗಳನ್ನು ಚುಚ್ಚಿ, ಅವು ಜೀವಕೋಶಗಳ ಒಳಹೋಗುವಂತೆ ಕ್ಷಣಕಾಲದ ವಿದ್ಯುತ್ ಸ್ಪಂದಗಳನ್ನು ಹಾಯಿಸಿದರು. ಇನ್ನೊಂದು ಬದಿಯ ರೆಕ್ಕೆಯನ್ನು ಮುಟ್ಟಲಿಲ್ಲ.

ಹೊರಬಂದ ಹೆಣ್ಣು ಚಿಟ್ಟೆಯ ಮುಟ್ಟದ ರೆಕ್ಕೆಯಲ್ಲಿ ಕಾಮನ್ ರೋಸ್‌ನಂಥ ಬಿಳಿ ಮಚ್ಚೆ ಮತ್ತು ಕೆಂಪು ಚುಕ್ಕೆ ಎಂದಿನಂತೆ ಇದ್ದವು. ಮುಟ್ಟಿದ ರೆಕ್ಕೆಯಲ್ಲಿ ಆ ವೇಷ ಕಳಚಿ, ಸಾದಾ ಹೆಣ್ಣಿನ ಬಿಳಿ ಸಾಲು ಮೂಡಿತ್ತು. ಒಂದೇ ಮೈ, ಒಂದು ಕಡೆ ಸೋಗು, ಇನ್ನೊಂದು ಕಡೆ ಅಸಲು. ಇದಕ್ಕಿಂತ ನೇರವಾದ ಸಾಕ್ಷಿ ಕೇಳುವುದು ಕಷ್ಟ.

ಇಷ್ಟಕ್ಕೇ ಮುಗಿಯದ ಒಂದು ಸೂಕ್ಷ್ಮವಿದೆ. ಇಲ್ಲಿಯವರೆಗೆ ಹಿಂರೆಕ್ಕೆಯಲ್ಲಿ ಬಿಳಿ ಎಂದು ಕರೆದದ್ದು ಸರಿಯಾಗಿ ನೋಡಿದರೆ ತಿಳಿಹಳದಿ. ನಮ್ಮ ಕಣ್ಣಿಗೆ ಸಾದಾ ಹೆಣ್ಣಿನ ತಿಳಿಹಳದಿ ಮತ್ತು ಸೋಗಿನ ಹೆಣ್ಣಿನ ತಿಳಿಹಳದಿ ಹೆಚ್ಚುಕಡಿಮೆ ಒಂದೇ. ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಅವು ಬೇರೆ ಬೇರೆ ಜಾತಿಯ ಬಣ್ಣಗಳು. ಸಾದಾ ರೂಪದ ಭಾಗ ಆ ಬೆಳಕನ್ನು ಹೀರಿ ತಾನೇ ಮಿನುಗುತ್ತದೆ. ಸೋಗಿನ ರೂಪದ ಭಾಗ, ಕಾಮನ್ ರೋಸ್‌ನಂತೆಯೇ, ಅದನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ವರ್ಣದ್ರವ್ಯ ಮಾತ್ರವಲ್ಲ, ಹುರುಪೆಯ ಒಳಗಿನ ನ್ಯಾನೋ ಗಾತ್ರದ ಕಟ್ಟೋಣವೂ ಬದಲಾಗಿದೆ. ಅನೇಕ ಹಕ್ಕಿಗಳು ಅತಿನೇರಳೆಯನ್ನು ಕಾಣಬಲ್ಲವು. ಸೋಗು ನಮಗಾಗಿ ಹಾಕಿದ್ದಲ್ಲ, ಹಕ್ಕಿಯ ಕಣ್ಣಿಗಾಗಿ ಹಾಕಿದ್ದು ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಈ ಬದಲಾವಣೆಯನ್ನು ನಡೆಸುವುದೂ ಅದೇ ಡಬಲ್‌ಸೆಕ್ಸ್.

ಹಾಗಾದರೆ ಸೂಪರ್‌ಜೀನ್ ಎಂದರೆ ಒಂದೇ ಜೀನ್ ಎಂದು ಫೈಲು ಮುಚ್ಚಬಹುದೇ? 2014ರ ಫಲಿತಾಂಶ ಬಂದಾಗ ಹಲವರು ಹಾಗೇ ಬರೆದರು. ಅವಸರವಾಯಿತು ಎಂಬುದು ನನ್ನ ಅಭಿಪ್ರಾಯ. ಅದೇ ಜಪಾನಿ ಬಳಗ ಆಮೇಲೆ ಅಕ್ಕಪಕ್ಕದ ಜೀನ್‌ಗಳನ್ನೂ ಒಂದೊಂದಾಗಿ ಮೌನವಾಗಿಸಿ ನೋಡಿತು. ಯುಎಕ್ಸ್‌ಟಿಯನ್ನು ತಡೆದರೆ ಸೋಗಿನ ತಿಳಿಹಳದಿ ಮಚ್ಚೆ ಕೆಡುತ್ತದೆ. ತಿರುಗಿದ ತುಂಡಿನ ಹೊರಗೆ, ಬೇಲಿಯಾಚೆ ಕೂತಿರುವ ಸರ್2 ಎಂಬ ಜೀನ್‌ಗೆ ಕೆಂಪು ಚುಕ್ಕೆಗಳಲ್ಲಿ ಪಾತ್ರವಿದೆ. ಯು3ಎಕ್ಸ್ ಡಬಲ್‌ಸೆಕ್ಸ್‌ನ ಸೋಗಿನ ಪ್ರತಿಯನ್ನು ಹುರಿದುಂಬಿಸಿ, ಯುಎಕ್ಸ್‌ಟಿಯನ್ನು ಅಡಗಿಸುತ್ತದೆ. ಸೋಗಿನ ಪ್ರತಿಯಿಂದ ಬರುವ ಮೂರು ಹೆಣ್ಣು ಜೋಡಣೆಗಳಲ್ಲಿ ಮುಖ್ಯ ಕೆಲಸ ಮೂರನೆಯದರದ್ದು. ಸಾದಾ ಪ್ರತಿಯೂ ಸುಮ್ಮನೆ ಕೂತಿಲ್ಲ, ಹೆಣ್ಣಿನಲ್ಲಿ ಸಾದಾ ವಿನ್ಯಾಸ ಬರೆಯುವುದೇ ಅದು.

ಅಂದಮೇಲೆ ಪನೆಟ್ ಹೇಳಿದ ಒಂದೇ ಗುಂಡಿ ನಿಜವಾಗಿಯೂ ಇದೆ, ಅದು ಡಬಲ್‌ಸೆಕ್ಸ್. ಫಿಶರ್ ಊಹಿಸಿದ ತಿದ್ದುಗಾರರೂ ಇದ್ದಾರೆ, ಕೆಲವರು ಪಕ್ಕದಲ್ಲೇ. ಕ್ಲಾರ್ಕ್ ಮತ್ತು ಶೆಪರ್ಡ್ ಕಂಡ ಗಂಟೂ ಇದೆ, ಆದರೆ ಬಣ್ಣಕ್ಕೊಂದು ಆಕಾರಕ್ಕೊಂದು ಎಂಬ ಸಮಪಾಲಿನ ಗಂಟಲ್ಲ. ಒಬ್ಬ ಯಜಮಾನ, ಕೆಲವರು ಸಹಾಯಕರು ಇರುವ ಮನೆ ಅದು. ಇನ್ನು ವೇಷವನ್ನು ರೆಕ್ಕೆಯ ಮೇಲೆ ನಿಜವಾಗಿ ಬಿಡಿಸುವ ಜೀನ್‌ಗಳು, ಅಂದರೆ ವರ್ಣದ್ರವ್ಯ ತಯಾರಿಸುವವು ಮತ್ತು ರೆಕ್ಕೆಯ ವಲಯ ಗುರುತಿಸುವ ವಿಂಟ್ ಕುಟುಂಬದಂಥವು, ವರ್ಣತಂತುಗಳ ಬೇರೆ ಬೇರೆ ಮೂಲೆಗಳಲ್ಲಿ ಕೂತು ಯಜಮಾನನ ಆಜ್ಞೆಗೆ ಕಾಯುತ್ತವೆ. ಪತ್ರಿಕೆಗಳಲ್ಲಿ ಬರುವ 'ಬಣ್ಣದ ಜೀನ್ ಪತ್ತೆ' ಎಂಬ ತಲೆಬರಹ ನೋಡಿದಾಗಲೆಲ್ಲ ನನಗೆ ಈ ಮನೆ ನೆನಪಾಗುತ್ತದೆ.

ಎಲ್ಲ ಹೆಣ್ಣುಗಳೂ ಏಕೆ ಸೋಗು ಹಾಕಿಲ್ಲ

ಸೋಗು ಪ್ರಬಲ ಗುಣ, ಹಕ್ಕಿಯಿಂದ ಕಾಪಾಡುತ್ತದೆ ಕೂಡ. ಹಾಗಿದ್ದ ಮೇಲೆ ಸಾದಾ ಹೆಣ್ಣು ಇಷ್ಟರಲ್ಲಿ ಮಾಯವಾಗಬೇಕಿತ್ತಲ್ಲ? ಪ್ರಬಲ ಎಂದರೆ ಹೆಚ್ಚುತ್ತಾ ಹೋಗುವುದು ಎಂಬ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಬಹಳ. ಪ್ರಬಲ ಎಂದರೆ ಒಂದೇ ಪ್ರತಿಯಿದ್ದರೂ ಕಾಣಿಸಿಕೊಳ್ಳುವುದು, ಅಷ್ಟೆ. ಹೆಚ್ಚುವುದು ಕುಗ್ಗುವುದು ಲಾಭ ನಷ್ಟದ ಲೆಕ್ಕ.

ಆ ಲೆಕ್ಕ ಹಕ್ಕಿಯ ಕಲಿಕೆಯ ಮೇಲೆ ನಿಂತಿದೆ. ವಿಷದ ಚಿಟ್ಟೆಯನ್ನು ಒಮ್ಮೆಯೂ ತಿಂದಿರದ ಹಕ್ಕಿಗೆ ಸೋಗು ಸೋಗಾಗಿ ಕಾಣುವುದೇ ಇಲ್ಲ. ಜಪಾನಿನಲ್ಲಿ ಪಿಕಳಾರ ಹಕ್ಕಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಕಾಮನ್ ರೋಸ್‌ನ ರುಚಿ ಕಂಡ ಮೇಲೆ ಹಕ್ಕಿಗಳು ಸೋಗಿನ ಮಾರ್ಮನ್‌ಗಳನ್ನೂ ಬಿಡತೊಡಗಿದವು. ವಿಷದವರಿಗಿಂತ ಸೋಗಿನವರೇ ಹೆಚ್ಚಾದರೆ ಹಕ್ಕಿಗೆ ಪಾಠವೇ ತಲೆಕೆಳಗಾಗಿ ಸಿಗುತ್ತದೆ: ಕೆಂಪು ಚುಕ್ಕೆ ಎಂದರೆ ಒಳ್ಳೆಯ ಊಟ. ಆದ್ದರಿಂದ ಸೋಗು ಅಪರೂಪವಾಗಿದ್ದಷ್ಟೂ ಲಾಭ, ಹೆಚ್ಚಿದಷ್ಟೂ ನಷ್ಟ.

ಜಪಾನಿನ ರ್ಯುಕ್ಯು ದ್ವೀಪಗಳು ಇದಕ್ಕೆ ಒಂದು ಸಹಜ ಪ್ರಯೋಗಶಾಲೆಯಾದವು. ಮಿಯಾಕೊ ದ್ವೀಪದಲ್ಲಿ ಮಾರ್ಮನ್ ಮೊದಲಿಂದ ಇತ್ತು, ಕಾಮನ್ ರೋಸ್ ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಬಂದು ನೆಲೆಸಿತು. ಅದು ಬಂದ ಮೇಲೆ ಮಾರ್ಮನ್ ಹೆಣ್ಣುಗಳಲ್ಲಿ ಸೋಗಿನವರ ಪಾಲು ಏರಿತು. ಹಲವು ದ್ವೀಪಗಳನ್ನು ಹೋಲಿಸಿದಾಗಲೂ ಕಾಮನ್ ರೋಸ್ ಹೆಚ್ಚಿದ್ದಲ್ಲಿ ಸೋಗಿನ ಹೆಣ್ಣುಗಳ ಪಾಲು ಹೆಚ್ಚು. ವೇಷ ನಡೆಯುವುದು ಅಸಲಿಯವರು ಊರಲ್ಲಿ ಸಾಕಷ್ಟಿದ್ದಾಗ ಮಾತ್ರ. ಸೋಗಿನ ಹೆಣ್ಣುಗಳು ಹಾರುವ ಧಾಟಿಯನ್ನು ಕೂಡ ರೋಸ್ ಚಿಟ್ಟೆಯಿಂದ ಎರವಲು ಪಡೆದಿವೆ. ಸಾದಾ ಹೆಣ್ಣು ಹಾಗೆ ಹಾರುವುದಿಲ್ಲ.

ಗಂಡಿಗೆ ಈ ಸೋಗು ಏಕೆ ಬೇಡವಾಯಿತು ಎಂಬುದಕ್ಕೆ ಎರಡು ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತವೆ. ಮೊಟ್ಟೆಯ ಭಾರ ಹೊತ್ತು, ಇಡುವ ಗಿಡ ಹುಡುಕುತ್ತ ಅಲೆಯುವ ಹೆಣ್ಣೇ ಹಕ್ಕಿಗೆ ಸುಲಭವಾಗಿ ಸಿಗುತ್ತದೆ, ಸೋಗಿನ ಅಗತ್ಯ ಅವಳಿಗೇ ಹೆಚ್ಚು. ಜೊತೆಗೆ ಗಂಡು ತನ್ನ ಗುರುತು ಕಳೆದುಕೊಂಡರೆ ಹೆಣ್ಣು ಒಪ್ಪದಿರಬಹುದು. ಮೊದಲನೆಯದೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ.

ನೆಂಟರ ಮನೆಗಳಲ್ಲಿ ಒಂದು ಸುತ್ತು ಹಾಕಿದರೆ ಪ್ರಕರಣ ಇನ್ನಷ್ಟು ಸಂಕೀರ್ಣ. ಗ್ರೇಟ್ ಮಾರ್ಮನ್‌ನಲ್ಲಿ ಕೂಡ ಹೆಣ್ಣಿಗೆ ಮಾತ್ರ ಸೋಗು, ಅಲ್ಲೂ ಯಜಮಾನ ಡಬಲ್‌ಸೆಕ್ಸ್, ಆದರೆ ತುಂಡು ತಿರುಗಿಲ್ಲ. ತಿರುಗದೆಯೇ ಎರಡು ಪ್ರತಿಗಳು ಬೇರೆಬೇರೆಯಾಗಿ ಉಳಿದಿವೆ. ಎರಡೂ ಪ್ರಭೇದಗಳು ಸ್ವತಂತ್ರವಾಗಿ ಇದೇ ಜೀನ್ ಹಿಡಿದವೋ, ಪುರಾತನ ಪೂರ್ವಜನೇ ಒಮ್ಮೆ ಹಿಡಿದದ್ದು ಹರಿದು ಬಂತೋ ಎಂದು ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಆಫ್ರಿಕಾದ ಪಪಿಲಿಯೊ ಡಾರ್ಡನಸ್‌ನಲ್ಲಿಯೂ ಹೆಣ್ಣುಗಳದ್ದೇ ಹಲವು ವೇಷ. ಅಲ್ಲಿ ಸುಳಿವು ಡಬಲ್‌ಸೆಕ್ಸ್ ಬಿಟ್ಟು ಎನ್‌ಗ್ರೇಲ್ಡ್ ಎಂಬ ಜೀನ್ ಇರುವ ಕಡೆಗೆ ಹೋಗುತ್ತದೆ. ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಲ್ಲಿ ಕೆಂಪು ಬಣ್ಣದ ಯಜಮಾನಿಕೆ ಆಪ್ಟಿಕ್ಸ್ ಎಂಬ ಇನ್ನೊಂದು ಜೀನ್‌ನದ್ದು, ಅಲ್ಲಿ ಗಂಡು ಹೆಣ್ಣು ಎಂಬ ಭೇದವೂ ಇಲ್ಲ.

ಮಾರ್ಮನ್‌ಗೇ ಮರಳಿದರೆ, ಒಂದು ಸಂಸಾರವನ್ನು ಹೀಗೆ ಊಹಿಸಿಕೊಳ್ಳಬಹುದು. ಅಪ್ಪನಲ್ಲಿ ಎರಡೂ ಪ್ರತಿ ಸೋಗಿನವು, ಅಮ್ಮ ಸಾದಾ. ನಿಂಬೆ ಎಲೆಯ ಮೇಲಿಟ್ಟ ಮೊಟ್ಟೆಗಳಿಂದ ಬಂದ ಹೆಣ್ಣುಮಕ್ಕಳೆಲ್ಲ ರೋಸ್ ಚಿಟ್ಟೆಯಂತೆ ಕೆಂಪು ಚುಕ್ಕೆ ಹೊತ್ತು ಹಾರುತ್ತಾರೆ. ಅದೇ ಹೊತ್ತಿಗೆ ಅಪ್ಪ, ಹಾಗೂ ಒಂದೊಂದು ಸೋಗಿನ ಪ್ರತಿ ಹೊತ್ತ ಗಂಡುಮಕ್ಕಳು, ಹಿಂರೆಕ್ಕೆಯ ಆ ಬಿಳಿ ಚುಕ್ಕೆಗಳ ಸಾಲಿನೊಂದಿಗೆ, ಒಂದಿನಿತೂ ಬದಲಾಗದೆ ಪಕ್ಕದಲ್ಲೇ ಹಾರುತ್ತಿರುತ್ತಾರೆ.